ಬೆಟ್ಟದ ಮೇಲೆ ಆಡಬಾರದ ಮಾತು

ಲೋಟಕ್ಕೆ ಚಹಾ ಸುರಿಯುತ್ತಿರುವವರಿಗೆ ಇನ್ನು ಬೇಡವೆಂದು ತಿಳಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಮನುಕುಲ ಇದುವರೆಗೆ ತಕ್ಕ ಗಾಂಭೀರ್ಯದಿಂದ ಪರಿಶೀಲಿಸಿಲ್ಲ. ಗಡಿ, ಯುದ್ಧ, ಆಸ್ತಿ ಇವುಗಳ ಬಗ್ಗೆ ತಲೆದಿಂಬಿನಷ್ಟು ದಪ್ಪ ಗ್ರಂಥಗಳಿವೆ. ತುಂಬುತ್ತಿರುವ ಲೋಟದ ಬಗ್ಗೆ ಒಂದು ಕರಪತ್ರವೂ ಇಲ್ಲ. ಸಾಮಾನ್ಯವಾಗಿ ಜನ ‘ಸಾಕು’ ಎನ್ನುತ್ತಾರೆ. ಸುರಿಯುವವರು ನಿಲ್ಲಿಸುತ್ತಾರೆ, ಅಥವಾ ಪ್ರೀತಿ ಹೆಚ್ಚಾಗಿದ್ದರೆ ನಿಲ್ಲಿಸುವುದಿಲ್ಲ. ಅಲ್ಲಿಗೆ ಮುಗಿಯಿತು. ಆದರೆ ಈ ಕಥೆಯ ನಾಲ್ವರಿಗೆ ಬೆಟ್ಟದ ಮೇಲೆ ಆ ಪದವನ್ನು ಚಹಾಕ್ಕೆ ಬಳಸುವ ಹಕ್ಕಿರಲಿಲ್ಲ. ಲೋಟದ ಮೇಲೆ ಅಂಗೈ ಅಡ್ಡ ಹಿಡಿಯಬೇಕಿತ್ತು. ಹಾಗೆಂದು ನಿಯಮವಿತ್ತು. ನಿಯಮ ಮಾಡಿದವನು ವಕೀಲನಾದ್ದರಿಂದ ಅದನ್ನು ಮುರಿಯುವುದಕ್ಕಿಂತ ಚಹಾ ಬಿಡುವುದು ಸುಲಭವಾಗಿತ್ತು.

ನಾಲ್ವರ ಪೈಕಿ ನಮಗೆ ಮುಖ್ಯನಾದವನು ಕನ್ನಡಕದವನು. ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಅವನ ಅಂಗಡಿ. ಗೋಡೆಯ ತುಂಬ ಯಾರನ್ನೂ ನೋಡದ ಕನ್ನಡಕಗಳು, ಹಿಂದಿನ ಕತ್ತಲೆ ಕೋಣೆಯಲ್ಲಿ ಒಂದು ಎತ್ತರದ ಕುರ್ಚಿ, ಎದುರಿಗೆ ಮೇಲಿಂದ ಕೆಳಕ್ಕೆ ಸಣ್ಣಗಾಗುತ್ತ ಹೋಗುವ ಅಕ್ಷರಗಳ ಫಲಕ. ಸರಿಯಾಗಿ ಅದರ ನೆತ್ತಿಯ ಮೇಲೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್. ಗೆಳೆಯರ ಬಾಯಲ್ಲಿ ಆಕೆ ಹಲ್ಲಮ್ಮ. ಆಕೆ ಮೇಲೆ ಕೊರೆಯಲು ಶುರುಮಾಡಿದರೆ ಕೆಳಗೆ ಅಕ್ಷರದ ಫಲಕ ನಡುಗುತ್ತಿತ್ತು. “ಕೊನೇ ಸಾಲು ಅಲ್ಲಾಡ್ತಿದೆಯಲ್ಲ” ಎಂದು ಗಾಬರಿಯಾದ ಗಿರಾಕಿಗೆ, ಅದು ನಿಮ್ಮ ಕಣ್ಣಿನ ದೋಷವಲ್ಲ, ಮೇಲೆ ಕೂತವರ ದವಡೆಯ ದೋಷ ಎಂದು ಸಮಾಧಾನ ಹೇಳುವುದು ಕನ್ನಡಕದವನ ದಿನದ ಕೆಲಸಗಳಲ್ಲೊಂದು. ಹಲ್ಲಮ್ಮನ ಎದುರು ಬಾಗಿಲು ವಕೀಲನದು. ನಾಲ್ಕನೆಯವನು ಕನ್ನಡಕದವನ ಹೆಂಡತಿಯ ತಮ್ಮ. ಬಸ್ ಓಡಿಸುತ್ತಿದ್ದ, ಮಾತು ಕಡಿಮೆ, ತಿನ್ನುವುದು ಜಾಸ್ತಿ. ಭಾವಮೈದುನನಾದ್ದರಿಂದ ಅವನನ್ನು ಯಾರೂ ಆರಿಸಿರಲಿಲ್ಲ, ಯಾರೂ ಬಿಡುವಂತೆಯೂ ಇರಲಿಲ್ಲ.

ಬೇಸಿಗೆ ಕಳೆದು ಚಳಿ ಕಚ್ಚುವ ಮೊದಲು, ವರ್ಷಕ್ಕೊಂದು ದಿನ, ಈ ನಾಲ್ವರೂ ಅಂಗಡಿ, ಕ್ಲಿನಿಕ್, ಕಕ್ಷಿದಾರರು, ಬಸ್ಸು ಎಲ್ಲವನ್ನೂ ಬಿಟ್ಟು ಒಂದು ಬೆಟ್ಟಕ್ಕೆ ಹೋಗುತ್ತಿದ್ದರು. ಅದರ ಹಿಂಬದಿಯಲ್ಲಿ ಹಸುಗಳೂ ಹತ್ತಬಹುದಾದ ಒಳ್ಳೆಯ ದಾರಿಯಿತ್ತು. ಇವರು ಹತ್ತುತ್ತಿದ್ದುದು ಮುಂಬದಿಯ ಕಲ್ಲಿನ ಏಣನ್ನು, ಬೆನ್ನೆಲುಬಿನಂತೆ ಎದ್ದ ಬಂಡೆಯ ಅಂಚನ್ನು. ಹಗ್ಗ ಹಾಕಿ ಹತ್ತುವಷ್ಟು ಕಡಿದಲ್ಲ, ಜೇಬಿನಲ್ಲಿ ಕೈಯಿಟ್ಟು ನಡೆಯುವಷ್ಟು ಸಲೀಸೂ ಅಲ್ಲ. ಕೈಕಾಲು ನಾಲ್ಕನ್ನೂ ಊರಿ, ಹೊಟ್ಟೆಯನ್ನು ಬಂಡೆಗೆ ಒತ್ತಿ, ಮನುಷ್ಯ ಎರಡು ಕಾಲಿನ ಮೇಲೆ ನಿಂತದ್ದು ಅವಸರವಾಯಿತೇನೋ ಎಂದು ಯೋಚಿಸುತ್ತ ಏರಬೇಕಾದದ್ದು. ಏಣಿನುದ್ದಕ್ಕೂ ಕಲ್ಲಿನ ಮೊನೆಗಳು ಎದ್ದು ನಿಂತಿದ್ದವು. ಹಲ್ಲಮ್ಮ ಅವಕ್ಕೆಲ್ಲ ತನ್ನ ವೃತ್ತಿಯಿಂದಲೇ ಹೆಸರಿಟ್ಟಿದ್ದಳು: ಹಾಲುಹಲ್ಲು, ಹುಳುಕುಹಲ್ಲು, ಎಲ್ಲಕ್ಕಿಂತ ಮೇಲೆ, ತುದಿಗೆ ಸ್ವಲ್ಪವೇ ಕೆಳಗೆ, ಕೋರೆ.

ನಿಯಮ ಹುಟ್ಟಿದ್ದು ಹಲವು ವರ್ಷಗಳ ಹಿಂದೆ, ಹಲ್ಲಮ್ಮನ ಕ್ಲಿನಿಕ್ಕಿನಲ್ಲಿ. ಆ ಸಲ ಬೆಟ್ಟದ ಅರ್ಧದಲ್ಲೇ ಭಾವಮೈದುನನ ಕಾಲು ಉಳುಕಿತ್ತು. ಅವನು ಹೇಳಲಿಲ್ಲ. ಉಳಿದವರಿಗೂ ಸುಸ್ತಾಗಿತ್ತು. ಅವರೂ ಹೇಳಲಿಲ್ಲ. “ನನಗೇನಿಲ್ಲಪ್ಪ, ನಿಮ್ಮಿಷ್ಟ,” “ನಂದೇನಿದೆ, ನಿಮಗೆ ಹೇಗೋ ಹಾಗೆ” ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತ ಕತ್ತಲಾಗುವವರೆಗೆ ಹತ್ತಿದ್ದರು. ಮರುದಿನ ಭಾವಮೈದುನ ಹಲ್ಲಿನ ಕುರ್ಚಿಯಲ್ಲಿ ತಲೆ ಇರಬೇಕಾದ ಕಡೆ ಕಾಲಿಟ್ಟು ಮಲಗಿದ್ದ. ಹಲ್ಲಮ್ಮ ಅವನ ಕಾಲಿನ ಹರಡಿಗೆ ಬಟ್ಟೆ ಸುತ್ತುತ್ತಿದ್ದಳು. ವಕೀಲ ಬಾಯಿ ಮುಕ್ಕಳಿಸುವ ಬೋಗುಣಿಗೆ ಒರಗಿ ನಿಂತು ಕಲಮುಗಳನ್ನು ಹೇಳಿದ.

“ಒಂದು. ಬೆಟ್ಟದ ಮೇಲೆ ಯಾರಾದರೂ ‘ಸಾಕು’ ಅಂದರೆ, ಎಲ್ಲಿದ್ದರೆ ಅಲ್ಲಿಂದಲೇ, ಎಲ್ಲರೂ ವಾಪಸ್. ಎರಡು. ಯಾಕೆ ಅಂತ ಕೇಳೋ ಹಾಗಿಲ್ಲ. ಮೂರು. ಇಳಿದ ಮೇಲೂ ಆ ವಿಷಯ ಎತ್ತೋ ಹಾಗಿಲ್ಲ, ಗೇಲಿ ಮಾಡೋ ಹಾಗಿಲ್ಲ. ಜೀವ ಇರೋವರೆಗೂ.”

“ಮೂರನೇದು ಬೇಕಾ?” ಹಲ್ಲಮ್ಮನಿಗೆ ಆಗಲೇ ಕಸಿವಿಸಿ. ಗೇಲಿ ಆಕೆಗೆ ಉಸಿರಾಟದಂತೆ.

“ಅದೇ ಮುಖ್ಯ. ಜನ ಬೀಳೋಕೆ ಹೆದರಲ್ಲ, ನಗೋರಿಗೆ ಹೆದರ್ತಾರೆ.”

“ಮತ್ತೆ ಚಹಾ ಹಾಕುವಾಗ ಸಾಕು ಅನ್ನಬೇಕಾದ್ರೆ?” ಎಂದು ಕುರ್ಚಿಯಿಂದ ಭಾವಮೈದುನ ಕೇಳಿದ್ದ. ಆಗಲೇ ಅಂಗೈಯ ಉಪನಿಯಮ ಸೇರಿದ್ದು.

ವರ್ಷಗಳು ಉರುಳಿದವು. ಆ ಪದವನ್ನು ಯಾರೂ ಆಡಲಿಲ್ಲ. ಮೊದಲ ಬಾರಿಗೆ ಆಡಿದವನು, ಹೋದ ವರ್ಷ, ಕನ್ನಡಕದವನು.

ಕೋರೆಯ ಬುಡದಲ್ಲಿ ಅವನು ಎಲ್ಲರಿಗಿಂತ ಮುಂದೆ ಇದ್ದ. ಇದ್ದಕ್ಕಿದ್ದಂತೆ ಮಂಜು ಕವಿಯಿತು. ಕೈ ಕಾಣಿಸಿತು, ಕೈ ಹಿಡಿಯಬೇಕಾದ ಕಲ್ಲು ಕಾಣಿಸಲಿಲ್ಲ. “ಸಾಕು” ಎಂದ. ಮೂವರೂ ಒಂದು ಮಾತಾಡದೆ ತಿರುಗಿದರು. ನಾಲ್ಕು ಹೆಜ್ಜೆ ಇಳಿದು ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದಾಗ ಅವನಿಗೆ ಒಂದು ಸಂಗತಿ ಗೊತ್ತಾಯಿತು. ಮಂಜು ಬೆಟ್ಟಕ್ಕೆ ಕವಿದಿರಲಿಲ್ಲ. ಅವನ ಗಾಜಿಗೆ ಕವಿದಿತ್ತು. ಗಾಜಿಗೆ ಮಂಜು ಹಿಡಿಯದ ದ್ರಾವಣವನ್ನು ಇಡೀ ಪೇಟೆಗೆ ಮಾರುವವನು ತನ್ನದಕ್ಕೆ ಹಚ್ಚಿಕೊಂಡಿರಲಿಲ್ಲ. ಕಾರಿನ ಹತ್ತಿರ ಬಂದು ಹಿಂತಿರುಗಿ ನೋಡಿದರೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ತುದಿಯಲ್ಲಿ ಯಾರೋ ಅಂಗಿ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದರು.

ಯಾರೂ ಏನೂ ಅನ್ನಲಿಲ್ಲ. ಅಲ್ಲೇ ಇದ್ದದ್ದು ತೊಂದರೆ.

ಹಲ್ಲಮ್ಮ, ಸ್ವಂತ ಅತ್ತೆಯ ಹಲ್ಲುಸೆಟ್ಟಿನ ಬಗ್ಗೆ ಅತ್ತೆಯ ಎದುರಿಗೇ ಹಾಡು ಕಟ್ಟಿದ ಹೆಂಗಸು, ಅವನಿಗೆ ಬಿಸ್ಕತ್ತು ಕೊಟ್ಟಳು. ಅಷ್ಟೇ ಅಲ್ಲ, ಮರುದಿನದಿಂದ ಅವನನ್ನು ‘ನೀವು’ ಎನ್ನತೊಡಗಿದಳು. ಮೊದಲೆಲ್ಲ ಮೆಟ್ಟಿಲ ಮೇಲಿಂದ “ಲೋ ಕನ್ನಡಕ, ಬದುಕಿದೀಯಾ?” ಎಂದು ಕೂಗಿದರೆ ಬೀದಿಯ ಆಚೆಬದಿಗೆ ಕೇಳುತ್ತಿತ್ತು. ಈಗ “ಊಟ ಆಯ್ತಾ ನಿಮ್ಮದು?” ವಕೀಲ ಸುಳ್ಳೇ ಕಣ್ಣು ತೋರಿಸಲು ಬಂದು, ಚೆನ್ನಾಗಿರುವ ಕನ್ನಡಕದ ಮೇಲೆ ಇನ್ನೊಂದು ಕೊಂಡು ಹೋದ. ಭಾವಮೈದುನ ಮನೆಗೆ ಬಂದಾಗಲೆಲ್ಲ ಕೊನೆಯ ಮೊಟ್ಟೆಯನ್ನು ಭಾವನಿಗೆ ಬಿಟ್ಟುಕೊಟ್ಟ. ಅವನನ್ನು ಬಲ್ಲವರಿಗೆ ಇದು ಆಸ್ತಿ ಬರೆದುಕೊಟ್ಟ ಹಾಗೆ.

ಕನ್ನಡಕದವನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು. ಅಂಗಡಿಯ ಕತ್ತಲೆ ಕೋಣೆಯಲ್ಲಿ ಗಾಜು ಬದಲಿಸುತ್ತ “ಈಗ ಸ್ಪಷ್ಟವಾ? ಸಾಕಾ?” ಎಂದು ಕೇಳಿದರೆ ಗಿರಾಕಿ ಪಾಪ “ಸಾಕು” ಎನ್ನುತ್ತಿದ್ದ. ಇವನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

ರಾತ್ರಿಯೂಟಕ್ಕೆ ಕೂತಾಗ ಒಮ್ಮೆ ಹೆಂಡತಿಗೆ ಹೇಳಿಕೊಂಡ. “ಅವರು ಒಂದ್ಸಲ ಬೈದ್ಬಿಟ್ಟಿದ್ರೆ ಮುಗಿದೋಗ್ತಿತ್ತು.”

“ಬೈಸಿಕೊಳ್ಳೋಕೆ ಅಷ್ಟು ಆಸೆ ಇದ್ರೆ ಬೆಟ್ಟಕ್ಕ್ಯಾಕೆ ಹೋಗ್ತೀರಿ? ನಾನಿಲ್ವಾ?” ಎಂದಳು ಹೆಂಡತಿ. ಆಮೇಲೆ ಲೋಟ ಎತ್ತಿಡುತ್ತ, “ಕರುಣೆ ತೋರಿಸ್ತಿದಾರೆ. ಮುದುಕ ಆದ ಅಂದ್ಕೊಂಡಿರ್ಬೇಕು” ಎಂದಳು.

ಅದೇ ಅವನ ಭಯ. ಗೇಲಿ ಮಾಡುವುದು ಸಮಾನರಿಗೆ. ಹುಷಾರಿಲ್ಲದವರನ್ನು, ವಯಸ್ಸಾದವರನ್ನು, ಹೊಸದಾಗಿ ಕೆಲಸ ಕಳೆದುಕೊಂಡವರನ್ನು ಯಾರೂ ಗೇಲಿ ಮಾಡುವುದಿಲ್ಲ. ಮೂವರೂ ಸೇರಿ ತನ್ನನ್ನು ಆ ಪಟ್ಟಿಗೆ ಸೇರಿಸಿದ್ದಾರೆ. ಇದರಿಂದ ಬಿಡುಗಡೆಗೆ ಅವನಿಗೆ ಕಂಡದ್ದು ಒಂದೇ ದಾರಿ: ಈ ವರ್ಷ ತುದಿ ಮುಟ್ಟಬೇಕು. ಆಕಾಶವೇ ಕಳಚಿ ಬಿದ್ದರೂ ಆ ಪದ ತನ್ನ ಬಾಯಿಂದ ಬರಬಾರದು. ತುದಿಯಲ್ಲಿ ನಿಂತರೆ ಲೆಕ್ಕ ಚುಕ್ತಾ, ಮತ್ತೆ ಲೋ ಕನ್ನಡಕ.

ಹೊರಟ ದಿನ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಭಾವಮೈದುನ ಕಾರನ್ನೂ ಬಸ್ಸಿನಂತೆಯೇ ಓಡಿಸುತ್ತ, ಪ್ರತಿ ನಿಲ್ದಾಣದ ಹತ್ತಿರವೂ ಅಭ್ಯಾಸಬಲದಿಂದ ನಿಧಾನ ಮಾಡುತ್ತ ಕರೆದೊಯ್ದ. ಬೆಟ್ಟದ ಬುಡದಲ್ಲಿ ಬೂಟು ಕಟ್ಟುವಾಗ ಒಂದು ಮೋಡ ಬಂದು ನೋಡಿ ಹೋಯಿತು.

“ಬರಲ್ಲ ಮಳೆ” ಎಂದ ವಕೀಲ.

“ಯಾವ ಕಲಮಿನ ಪ್ರಕಾರ?” ಎಂದಳು ಹಲ್ಲಮ್ಮ. ನಂತರ ಕನ್ನಡಕದವನ ಕಡೆ ತಿರುಗಿ, ದನಿಯನ್ನು ಬೆಣ್ಣೆ ಮಾಡಿಕೊಂಡು, “ನೀವು ಮುಂದೆ ಹೋಗಿ. ನಿಮ್ಮ ವೇಗಕ್ಕೆ ನಾವು ಬರ್ತೀವಿ. ಆರಾಮಾಗಿ, ಆಯ್ತಾ?” ಎಂದಳು.

ಅವನಿಗೆ ಬೂಟು ಬಿಚ್ಚಿ ಅವಳ ಮೇಲೆ ಎಸೆಯುವಷ್ಟು ಸಿಟ್ಟು ಬಂತು. ಬಿಚ್ಚಲಿಲ್ಲ. ಈ ಸಲ ಗಾಜಿಗೆ ದ್ರಾವಣವನ್ನು ಮೂರು ಪದರ ಹಚ್ಚಿದ್ದ. ಲೋಕ ಅಗತ್ಯಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು.

ಹಾಲುಹಲ್ಲನ್ನು ದಾಟುವವರೆಗೆ ಎಲ್ಲ ಸರಿಯಿತ್ತು. ಕಲ್ಲು ಬೆಚ್ಚಗೆ, ಒರಟಾಗಿ, ಕೈಗೆ ಕಚ್ಚಿಕೊಳ್ಳುವಂತಿತ್ತು. ಆಮೇಲೆ ಗಾಳಿ ದಿಕ್ಕು ಬದಲಿಸಿತು. ತುಂತುರು ಬಂತು, ಅವರು ಮಳೆಯಂಗಿ ತೊಟ್ಟರು. ಬಿಸಿಲು ಬಂತು, ಬಿಚ್ಚಿದರು. ಅಂಗಿಯನ್ನು ಚೀಲಕ್ಕೆ ತುರುಕಿ ಜಿಪ್ಪು ಎಳೆಯುವಷ್ಟರಲ್ಲಿ ಮತ್ತೆ ಹನಿ. ಊಸರವಳ್ಳಿಯಾದರೂ ಒಂದು ಬಣ್ಣದಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ನಾಲ್ಕನೆಯ ಸಲ ವಕೀಲ ಒಂದು ತೋಳು ಹಾಕಿ ಇನ್ನೊಂದನ್ನು ಹಾಗೇ ಇಳಿಬಿಟ್ಟ. “ಮಧ್ಯಂತರ ಆದೇಶ” ಎಂದ.

ಹುಳುಕುಹಲ್ಲಿನ ಹತ್ತಿರ ಮಳೆ ಸೋಗು ಬಿಟ್ಟು ನಿಜವಾಗಿಯೇ ಶುರುವಾಯಿತು. ಹುಳುಕುಹಲ್ಲಿನ ನಡುವೆ ಒಂದು ಬಿರುಕು. ಬೆನ್ನನ್ನು ಒಂದು ಗೋಡೆಗೂ ಪಾದವನ್ನು ಇನ್ನೊಂದಕ್ಕೂ ಒತ್ತಿ ಏರಬೇಕು. ಅದರಲ್ಲಿ ಈಗ ನೀರು ಇಳಿಯುತ್ತಿತ್ತು. ಕನ್ನಡಕದವನು ಮೊದಲು ಏರಿ, ಮೇಲೆ ಕಾಲೂರಿ ಕೂತು, ಒಬ್ಬೊಬ್ಬರನ್ನೇ ಎಳೆದುಕೊಂಡ. ಎಳೆಯುವಾಗ ಎಲ್ಲವನ್ನೂ ನೋಡಿದ. ಮೂರು ಪದರ ದ್ರಾವಣದ ಗಾಜಿನಲ್ಲಿ ನೋಡದಿರುವುದು ಸಾಧ್ಯವೇ ಇರಲಿಲ್ಲ. ವಕೀಲನ ಎಡ ಬೂಟಿನ ಅಟ್ಟೆ ಮುಂದುಗಡೆ ಬಿಟ್ಟುಕೊಂಡು, ಹೆಜ್ಜೆಗೊಮ್ಮೆ ಏನೋ ಹೇಳಲು ಬಾಯಿ ತೆರೆದಂತೆ ತೆರೆಯುತ್ತಿತ್ತು. ಹಲ್ಲಮ್ಮನ ಬೆರಳುಗಳು ತುದಿಯಿಂದ ಎರಡನೆಯ ಗೆಣ್ಣಿನವರೆಗೆ ಮೇಣದಂತೆ ಬೆಳ್ಳಗಾಗಿದ್ದವು. ಆಕೆಯ ಕೈ ಹಿಡಿದಾಗ ಅದು ಅವನ ಕೈಯನ್ನು ಹಿಡಿಯಲಿಲ್ಲ, ಸುಮ್ಮನೆ ಅದರಲ್ಲಿ ಇತ್ತು. ಎಲ್ಲಕ್ಕಿಂತ ಕೆಟ್ಟ ಲಕ್ಷಣ ಭಾವಮೈದುನನದು. ಜೇಬಿನಲ್ಲಿ ಬಿಸ್ಕತ್ತಿತ್ತು, ಅವನು ತಿನ್ನುತ್ತಿರಲಿಲ್ಲ.

“ಹೇಗಿದೀರಾ?” ಎಂದು ಕೇಳಿದ.

“ಆರಾಮ” ಎಂದಳು ಹಲ್ಲಮ್ಮ, ಹಲ್ಲು ಕಟಕಟ ಎನ್ನುತ್ತಿರಲು. “ನೀವು?”

“ಫಸ್ಟ್ ಕ್ಲಾಸ್.”

“ನನಗೇನಿಲ್ಲಪ್ಪ” ಎಂದ ವಕೀಲ. ಅವನ ಬೂಟು ಬಾಯಿ ತೆರೆಯಿತು, ಮುಚ್ಚಿತು.

ಈಗ ಕನ್ನಡಕದವನ ಒಳಗೆ ಒಂದು ತಕ್ಕಡಿ ತೂಗತೊಡಗಿತು. ಮೇಲೆ ಕೋರೆ, ನುಣುಪು ಬಂಡೆ, ಒಣಗಿದ್ದಾಗಲೂ ಮರ್ಯಾದೆಯಿಂದ ಹತ್ತಬೇಕಾದದ್ದು, ಇವತ್ತು ಎಣ್ಣೆ ಸುರಿದಂತೆ ಹೊಳೆಯುತ್ತಿದೆ. ಇವರ ಸ್ಥಿತಿ ಹೀಗಿದೆ. ಆ ಪದವನ್ನು ಯಾರಾದರೂ ಹೇಳಬೇಕು. ಯಾರಾದರೂ ಎಂದರೆ ತಾನಲ್ಲ. ಎರಡು ವರ್ಷ ಸಾಲಾಗಿ ತಾನೇ ಹೇಳಿದರೆ ಮುಗಿಯಿತು. ಮುಂದಿನ ವರ್ಷ ಇವರು ಹಿಂಬದಿಯ ದಾರಿಯಲ್ಲಿ, ಹಸುಗಳ ಜೊತೆ, ತನ್ನ ಮೊಣಕೈ ಹಿಡಿದು ಹತ್ತಿಸುತ್ತಾರೆ. ‘ನೀವು’ ಹೋಗಿ ‘ತಾವು’ ಆಗುತ್ತದೆ. ಅವರಲ್ಲೇ ಯಾರಾದರೂ ಹೇಳಲಿ. ಬಾಯಿಲ್ಲವೇ? ಹಲ್ಲಮ್ಮನಿಗೆ ಬಾಯಿಯೇ ಹೊಟ್ಟೆಪಾಡು. ಅವನು ಒಬ್ಬೊಬ್ಬರ ಮುಖವನ್ನೂ ಆಸೆಯಿಂದ ನೋಡಿದ. ಅವರೂ ಅವನ ಮುಖವನ್ನೇ ನೋಡುತ್ತಿದ್ದರು. ಯಾಕೆಂದು ಅವನಿಗೆ ಆಗ ಹೊಳೆಯಲಿಲ್ಲ.

“ಸ್ವಲ್ಪ ಕೂತು ಚಹಾ ಕುಡಿಯೋಣ್ವಾ?” ಎಂದ ಭಾವಮೈದುನ.

ಇನ್ನಷ್ಟು ಏರಿದರೆ ಕೋರೆಯ ಬುಡದಲ್ಲಿ ಒಂದು ಚಾಚುಗಲ್ಲು. ನಾಲ್ವರು ಹಲ್ಲುಸಾಲಿನಂತೆ ಒತ್ತೊತ್ತಾಗಿ ಕೂರುವಷ್ಟು ಅಗಲ. ಕಾಲ ಕೆಳಗೆ ಬಿಳಿಯ ಮಂಜು, ಈ ಸಲ ನಿಜವಾದದ್ದು. ಸಾಲಿನ ಕೊನೆಯಲ್ಲಿ ಕೂತ ಕನ್ನಡಕದವನು ಎಡಗೈಯಿಂದ ಬಂಡೆಯ ಒಂದು ಏಣನ್ನು ಹಿಡಿದುಕೊಂಡು ಬಲಗೈಯಲ್ಲಿ ಲೋಟ ಚಾಚಿದ. ಫ್ಲಾಸ್ಕು ಹಲ್ಲಮ್ಮನ ಕೈಯಲ್ಲಿತ್ತು. ಬೆರಳಿಗೆ ಜೀವವಿಲ್ಲದೆ ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಬಗ್ಗಿಸಿದಳು. ಆಗ ಆಲಿಕಲ್ಲು ಬೀಳಲು ಶುರುವಾಯಿತು. ಮಳೆಯಂಗಿಯ ಟೋಪಿಗಳ ಮೇಲೆ ಟಪಟಪ ಸದ್ದು. ಹಲ್ಲಮ್ಮ ತಲೆ ತಗ್ಗಿಸಿದಳು, ಫ್ಲಾಸ್ಕು ಇನ್ನೂ ಬಗ್ಗಿತು. ಲೋಟ ತುಂಬಿತು. ಚಹಾ ಅಂಚು ದಾಟಿ ಅವನ ಹೆಬ್ಬೆರಳ ಮೇಲೆ, ಅಲ್ಲಿಂದ ತೋಳಿನೊಳಕ್ಕೆ, ಕುದಿಕುದಿಯಾಗಿ ಇಳಿಯಿತು. ಅಂಗೈ ಅಡ್ಡ ಹಿಡಿಯಬೇಕೆಂದರೆ ಒಂದು ಕೈಯಲ್ಲಿ ಲೋಟ, ಇನ್ನೊಂದು ಬಿಟ್ಟರೆ ಪಾತಾಳ.

“ಸಾಕು!” ಎಂದು ಚೀರಿದ. “ಸಾಕು, ಸಾಕು, ಸಾಕು!”

ಆಮೇಲೆ ನಡೆದದ್ದನ್ನು ಅವನು ಎಷ್ಟು ದಿನವಾದರೂ ಮರೆಯಲಿಲ್ಲ. ಮಾತು ಮುಗಿಯುವ ಮೊದಲೇ ವಕೀಲ ಎದ್ದು ಚೀಲ ಹೆಗಲಿಗೇರಿಸಿದ್ದ. ಭಾವಮೈದುನ ತನ್ನ ಲೋಟದ ಚಹಾವನ್ನು, ಅನ್ನನಾಳ ಸುಡುವುದನ್ನೂ ಲೆಕ್ಕಿಸದೆ, ಒಂದೇ ಗುಟುಕಿಗೆ ಮುಗಿಸಿ ಇಳಿಯುವ ದಿಕ್ಕಿಗೆ ತಿರುಗಿದ್ದ. ಹಲ್ಲಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಒದ್ದಾಡುತ್ತಿದ್ದಳು. ಮುಖದಲ್ಲಿ ಶಾಲೆಯ ಗಂಟೆ ಬಾರಿಸಿದಾಗ ಮಕ್ಕಳಿಗೆ ಬರುವ ಕಳೆ. ಬೆಂಕಿ ಬಿದ್ದ ಮನೆಯಿಂದಲೂ ಜನ ಇಷ್ಟು ಚುರುಕಾಗಿ ಹೊರಡುವುದಿಲ್ಲ.

“ಅಯ್ಯೋ, ತಡೀರಿ!” ಎಂದ. “ಚಹಾಕ್ಕೆ ಹೇಳಿದ್ದು ನಾನು!”

ವಕೀಲ ಹಿಂದೆ ನೋಡದೆ, “ಯಾಕೆ ಅಂತ ನಾವು ಕೇಳಲಿಲ್ಲ” ಎಂದ.

“ನೀನು ಕೇಳಲಿಲ್ಲ, ನಾನೇ ಹೇಳ್ತಿದೀನಿ. ಕೈ ಸುಟ್ಟುಹೋಯ್ತು, ಅದಕ್ಕೆ ಹೇಳಿದ್ದು!”

“ಚಹಾಕ್ಕೆ ಅಂಗೈ ಅಂತ ಉಪನಿಯಮ ಇದೆ. ಬಾಯಿಂದ ಬಂದರೆ ಅದು ಒಂದನೇ ಕಲಮು.”

“ಒಂದು ಕೈಯಲ್ಲಿ ಲೋಟ, ಒಂದು ಕೈಯಲ್ಲಿ ಬೆಟ್ಟ ಇಟ್ಕೊಂಡು ಅಂಗೈ ಎಲ್ಲಿಂದ ತರಲಿ? ಸಾಲ ತರಲಾ?”

ಆಲಿಕಲ್ಲು ಬೀಳುತ್ತಲೇ ಇತ್ತು. ಇಂಥ ಜಾಗದಲ್ಲಿ ನಿಯಮದ ಅರ್ಥವಿವರಣೆ ಮಾಡಿದವರು ಲೋಕದಲ್ಲಿ ಕಡಿಮೆ. ಕೊನೆಗೆ ಭಾವಮೈದುನ, ಅಪರೂಪಕ್ಕೆ ಬಾಯಿ ತೆರೆದ.

“ಭಾವ, ನಿಜವಾಗ್ಲೂ ಚಹಾಕ್ಕೆ ಹೇಳಿದ್ರೆ ವಾಪಸ್ ತಗೊಳ್ಳಿ. ಹತ್ತೋಣ. ನಿಮಗೆ ತುದಿ ಬೇಕು ಅಂತ ನಮಗೆ ಗೊತ್ತು.”

ವಕೀಲನ ಮುಖ ಬಾಡಿತು. ಆದರೂ ತಲೆಯಾಡಿಸಿದ. “ಹೌದು. ವಾಪಸ್ ತಗೋಬಹುದು. ನಾವು ತಯಾರು.” ಹೆಗಲಿಗೇರಿಸಿದ ಚೀಲವನ್ನು ಇಳಿಸಲೂ ತೊಡಗಿದ.

ಕನ್ನಡಕದವನು ಮೇಲೆ ನೋಡಿದ. ಕೋರೆಯ ಆಚೆ ಮಂಜು ಒಂದು ಕ್ಷಣ ಸರಿದು ತುದಿ ಕಂಡಿತು. ಎಷ್ಟು ಹತ್ತಿರವೆಂದರೆ ಅದರ ನೆತ್ತಿಯ ಮೇಲೆ ಯಾರೋ ಪೇರಿಸಿದ ಕಲ್ಲುಗುಡ್ಡೆಯೂ ಕಾಣುತ್ತಿತ್ತು. ಒಂದು ವರ್ಷ ಅವನು ಕಾದದ್ದು ಅದಕ್ಕೆ. ಈಗ ಬೇಡವೆಂದರೆ ಬೇಡ, ಬೇಕೆಂದರೆ ಬೇಕು. ಯಾರೂ ಒಂದು ಮಾತೂ ಆಡುವುದಿಲ್ಲ. ಆಮೇಲೆ ಹಲ್ಲಮ್ಮನ ಕಡೆ ನೋಡಿದ. ಅವಳು ಇನ್ನೂ ಮುಚ್ಚಳದ ಜೊತೆ ಹೋರಾಡುತ್ತಿದ್ದಳು. ದಿನವಿಡೀ ಬಾಯೆಂಬ ಸಣ್ಣ ಕತ್ತಲೆಯಲ್ಲಿ ಕೂದಲಿನಷ್ಟು ತೆಳುವಾದ ಸೂಜಿ ಆಡಿಸುವ ಬೆರಳುಗಳು ಒಂದು ಫ್ಲಾಸ್ಕಿನ ತಿರುಪನ್ನು ಹಿಡಿಯಲಾರದೆ ಜಾರುತ್ತಿದ್ದವು. ಅದು ಅವನ ಕಣ್ಣಿಗೆ ಬೀಳಬಾರದೆಂದು ಅವಳು ಅರ್ಧ ಬೆನ್ನು ತಿರುಗಿಸಿಕೊಂಡಿದ್ದಳು.

ಅವನು ಫ್ಲಾಸ್ಕು ಇಸಿದುಕೊಂಡು ಮುಚ್ಚಳ ತಿರುಗಿಸಿದ.

“ಹೇಳಿದ್ದು ಚಹಾಕ್ಕೆ” ಎಂದ. “ಈಗ ಬೆಟ್ಟಕ್ಕೆ ಹೇಳ್ತಿದೀನಿ. ಸಾಕು. ಇಳೀರಿ.”

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹತ್ತುವಾಗ ಕಣ್ಣು ಮುಂದಿರುತ್ತದೆ, ಇಳಿಯುವಾಗ ಹಿಂಬದಿ ಮುಂದಾಗಬೇಕು. ಭಾವಮೈದುನ ಮೊದಲು ಇಳಿದು ಒಬ್ಬೊಬ್ಬರ ಬೂಟನ್ನೂ ಹಿಡಿದು ಕಲ್ಲಿನ ಮೇಲೆ ಇಡುತ್ತ ಹೋದ. “ಇನ್ನೂ ಸ್ವಲ್ಪ... ಹಾ... ಎಡಕ್ಕೆ... ಬರ್ಲಿ ಬರ್ಲಿ” ಎಂದು ಬಸ್ಸನ್ನು ಹಿಂದಕ್ಕೆ ತೆಗೆಸುವ ಕಂಡಕ್ಟರನ ರಾಗದಲ್ಲಿ. ಹುಳುಕುಹಲ್ಲಿನ ಬಿರುಕಿನಲ್ಲಿ ಹಲ್ಲಮ್ಮನನ್ನು ಕನ್ನಡಕದವನು ಮೇಲಿಂದ ತೋಳು ಹಿಡಿದು, ಭಾವಮೈದುನ ಕೆಳಗಿಂದ ಕಾಲು ಹಿಡಿದು, ಗಾಜಿನ ಸಾಮಾನು ಇಳಿಸಿದಂತೆ ಇಳಿಸಿದರು. ವಕೀಲನ ಬೂಟಿನ ಅಟ್ಟೆ ಅಲ್ಲೇ ಪೂರ್ತಿ ಕಳಚಿ ಕಣಿವೆಗೆ ಹಾರಿತು. ಉಳಿದ ಭಾಗವನ್ನು ಅವನು ಪ್ಯಾಂಟಿನ ಹಿಂಬದಿಯ ಮೇಲೆ ಕೂತು ಜಾರುತ್ತ ಇಳಿದ. ಪ್ಯಾಂಟೂ ಉಳಿಯಲಿಲ್ಲ.

ಹಾಲುಹಲ್ಲಿನ ಕೆಳಗೆ, ಹುಲ್ಲು ಶುರುವಾಗುವ ಕಡೆ, ಒಂದು ಬಂಡೆಯ ಮರೆಯಲ್ಲಿ ಕೂತರು. ಹಲ್ಲಮ್ಮ ಕೈಗಳೆರಡನ್ನೂ ಕಂಕುಳಲ್ಲಿಟ್ಟುಕೊಂಡಿದ್ದಳು. ರಕ್ತ ಮರಳಿ ಬರುವಾಗಿನ ಉರಿಗೆ ಕಣ್ಣಲ್ಲಿ ನೀರಿತ್ತು.

ಯಾರೂ ಮಾತಾಡಲಿಲ್ಲ. ಕನ್ನಡಕದವನಿಗೆ ಆ ಮೌನದ ಪರಿಚಯವಿತ್ತು. ಮತ್ತೊಂದು ವರ್ಷದ್ದು ಈಗ ಶುರುವಾಗಲಿದೆ ಎಂದು ತಲೆ ತಗ್ಗಿಸಿ ಕಾದ. ಈಗ ಬಿಸ್ಕತ್ತು ಬರುತ್ತದೆ.

“ನಿನಗೆ ಬುದ್ಧಿ ಇದೆಯೇನೋ?” ಎಂದಳು ಹಲ್ಲಮ್ಮ.

ಅವನು ತಲೆಯೆತ್ತಿದ.

“ಚಹಾ ಸುಟ್ಟರೆ ಬಾಯಿ ಬರುತ್ತೆ, ಜನ ಸಾಯೋ ಹಾಗಿದ್ರೆ ಬರಲ್ವಾ? ನನಗೆ ಆ ಹುಳುಕುಹಲ್ಲಿನ ಹತ್ರಾನೇ ಸಾಕಾಗಿ ಹೋಗಿತ್ತು ಕಣೋ! ಕೈ ಇದೆಯೋ ಇಲ್ವೋ ಗೊತ್ತಾಗ್ತಿರಲಿಲ್ಲ!”

“ಮತ್ತೆ ನೀನೇ ಹೇಳ್ಬೇಕಿತ್ತು!”

“ನಾನು ಹೇಗೆ ಹೇಳಲಿ? ಈ ವರ್ಷ ಏನೇ ಆಗ್ಲಿ ನಿನ್ನನ್ನ ತುದಿ ಮುಟ್ಟಿಸಬೇಕು ಅಂತ ನಾವು ಮೂರೂ ಜನ ಮಾತಾಡ್ಕೊಂಡಿದ್ವಿ. ನಿನ್ನ ಮುಖ ನೋಡೋಕಾಗ್ತಿರಲಿಲ್ಲ, ಹೋದ ವರ್ಷದಿಂದ. ಹೆಣದ ಮುಂದೆ ಕೂತೋನ ಥರ ಅಂಗಡಿಯಲ್ಲಿ ಕೂತಿರ್ತಿದ್ದೆ.”

“ನೀನು ನನ್ನನ್ನ ‘ನೀವು, ನೀವು’ ಅಂದ್ರೆ ಇನ್ನೇನು ಮಾಡಲಿ? ಕುಣೀಲಾ?”

“ಗೇಲಿ ಮಾಡೋ ಹಾಗಿಲ್ಲ ಅಂತ ಈ ಮಹಾನುಭಾವ ನಿಯಮ ಮಾಡಿದಾನಲ್ಲ! ನಿನ್ನನ್ನ ನೀನು ಅಂದ್ರೆ ನನಗೆ ಗೇಲಿ ತಾನಾಗೇ ಬರುತ್ತೆ. ನೀವು ಅಂದ್ರೆ ಬರಲ್ಲ. ಅದಕ್ಕೇ ನೀವು ಅಂದಿದ್ದು!”

ವರ್ಷವಿಡೀ ಕನ್ನಡಕದವನು ಕರುಣೆಯೆಂದು ಓದಿದ್ದು ಇದನ್ನು. ಅಕ್ಷರದ ಫಲಕದ ಮುಂದೆ ಕೂತವನು ಅವನೇ ಆಗಿದ್ದ. ಕೊನೆಯ ಸಾಲು ಅಲ್ಲಾಡಿದ್ದು ಬೇರೆಯವರು ನಗು ತಡೆಯಲು ಹಲ್ಲು ಕಚ್ಚಿಕೊಂಡ ನಡುಕಕ್ಕೆ.

“ಅಷ್ಟೆಲ್ಲ ಅದುಮಿಟ್ಟುಕೊಂಡಿದ್ಯಾ?” ಎಂದ.

“ಒಂದಾ ಎರಡಾ! ಗಾಜಿಗೆ ಮಂಜು ಹಿಡಿದಿದ್ದು ನನಗೆ ಆವತ್ತೇ ಕಾಣಿಸ್ತು. ಕಣ್ಣಿನೋನಿಗೆ ಕಣ್ಣು ಕಾಣ್ಲಿಲ್ಲ! ವರ್ಷ ಪೂರ್ತಿ ನಾಲಿಗೆ ತುದೀಲಿಟ್ಕೊಂಡು, ಗಿರಾಕಿಗಳ ಬಾಯಲ್ಲಿ ಕೈ ಹಾಕಿದಾಗಲೆಲ್ಲ ಅದನ್ನ ನೆನೆಸ್ಕೊಂಡು ಒಬ್ಬಳೇ ನಕ್ಕಿದೀನಿ. ಒಬ್ಬ ಮುದುಕರು ಎದ್ದೇ ಹೋದ್ರು, ಡಾಕ್ಟ್ರಿಗೆ ತಲೆ ಕೆಟ್ಟಿದೆ ಅಂತ.”

ವಕೀಲ ಗಂಟಲು ಸರಿಮಾಡಿಕೊಂಡ. “ಮೂರನೇ ಕಲಮಿನ ಉಲ್ಲಂಘನೆ ಆಗ್ತಿದೆ.”

“ನಿನ್ನ ಮೂರನೇ ಕಲಮಿಗೆ ಬೆಂಕಿ ಹಾಕ. ಪ್ಯಾಂಟ್ ಇಲ್ದೋನು ಕಾನೂನು ಹೇಳ್ಬಾರ್ದು.”

“ರದ್ದಾಗಬೇಕು ಅಂದ್ರೆ ನಾಲ್ಕೂ ಜನ ಒಪ್ಪಬೇಕು.”

ಮೂರು ಕೈ ಮೇಲೆದ್ದವು. ನಾಲ್ಕನೆಯದು ಭಾವಮೈದುನನದು, ಅದರಲ್ಲಿ ಬಿಸ್ಕತ್ತಿತ್ತು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಕೈ ಎತ್ತಿದ. ಎತ್ತಿದ ಕೈಯನ್ನು ಇಳಿಸದೆ, ಅಗಿಯುತ್ತ, ಯೋಚಿಸುತ್ತ, ಹೇಳಿದ:

“ಅಲ್ಲ ಭಾವ. ನಾಲ್ಕು ಕಾಲಲ್ಲಿ ಹತ್ತುತ್ತೆ, ಹೆದರಿದ್ರೆ ‘ಸಾಕು’ ಅಂತ ಕೂಗುತ್ತೆ, ಬಿಸ್ಕತ್ತು ಕೊಟ್ರೆ ಸುಮ್ಮನಾಗುತ್ತೆ. ಒಟ್ಟಿನಲ್ಲಿ ನೀವು ನಮ್ಮ ಸಾಕುಪ್ರಾಣಿ.”

ಹಲ್ಲಮ್ಮನ ಮುಖದಲ್ಲಿ, ತನ್ನ ಹೊಲದ ಬೆಳೆಯನ್ನು ಪಕ್ಕದ ಹೊಲದವನು ಕೊಯ್ದದ್ದು ಕಂಡವಳ ವೇದನೆ. “ಥೂ! ಅದು ನಂದು! ಹೋದ ವರ್ಷವೇ ನಂಗೆ ಹೊಳೆದಿತ್ತು! ಕಳ್ಳ!” ಎಂದು ಕಿರುಚಿದಳು. ವಕೀಲ ನಗಲು ಹೋಗಿ, ಕೂತ ಕಲ್ಲು ಹಿಂಬದಿಗೆ ಚುಚ್ಚಿ, ಅರ್ಧಕ್ಕೆ ನಿಲ್ಲಿಸಿದ. ಕನ್ನಡಕದವನು ಮೊದಲು ಸದ್ದಿಲ್ಲದೆ ನಡುಗಿದ. ಅಳುತ್ತಿದ್ದಾನೇನೋ ಎಂದು ಭಾವಮೈದುನ ಗಾಬರಿಯಿಂದ ಬಗ್ಗಿ ನೋಡಿದ. ಅಳುತ್ತಿರಲಿಲ್ಲ. ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು, ಒದ್ದೆ ಹುಲ್ಲಿನ ಮೇಲೆ ಒಂದು ಮಗ್ಗುಲಿಗೆ ವಾಲಿ ನಗುತ್ತಿದ್ದ.

“ಇನ್ನೊಂದ್ಸಲ ಹೇಳೋ” ಎಂದ, ಉಸಿರು ಸಿಕ್ಕಾಗ.

“ಸಿಕ್ಕಾಪಟ್ಟೆ ಆಸೆ ಪಡ್ಬೇಡ” ಎಂದಳು ಹಲ್ಲಮ್ಮ. “ನನ್ನ ಹತ್ರ ಇನ್ನೂ ಒಂದು ವರ್ಷದ್ದು ಬಾಕಿ ಇದೆ. ಏಳು ಮೇಲೆ, ಕುರುಡ. ಚಳಿಯಾಗ್ತಿದೆ.”

ಕಾರಿನವರೆಗಿನ ದಾರಿಯಲ್ಲಿ ಆಕೆ ಅದರಲ್ಲಿ ಅರ್ಧದಷ್ಟನ್ನು ತೀರಿಸಿದಳು. ವಕೀಲ ಒಂದು ಬೂಟಿನಲ್ಲಿ ಕುಂಟುತ್ತ, ಮಳೆಯಂಗಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಪ್ರತಿಯೊಂದಕ್ಕೂ ತಿದ್ದುಪಡಿ ಸೂಚಿಸಿದ. ಕೆಲವು ತೀರಾ ಕೆಳಮಟ್ಟದವು. ಅವುಗಳಿಗೇ ಕನ್ನಡಕದವನು ಹೆಚ್ಚು ನಕ್ಕ. ನಡುನಡುವೆ ತಿರುಗೇಟು ಕೊಡಲೂ ನೋಡಿದ. ವರ್ಷದಿಂದ ಅಭ್ಯಾಸ ತಪ್ಪಿದ್ದರಿಂದ ಗುರಿ ಸರಿ ಕೂರಲಿಲ್ಲ. ಭಾವಮೈದುನ ಕಾರಿನ ಬಿಸಿಗಾಳಿಯನ್ನು ಪೂರ್ತಿ ತಿರುಗಿಸಿ, ಹಲ್ಲಮ್ಮನ ಕೈಗಳನ್ನು ಅದರ ಮುಂದೆ ಇರಿಸಿ, ಬುತ್ತಿಯಲ್ಲಿ ಉಳಿದಿದ್ದ ಒಂದೇ ಮೊಟ್ಟೆಯನ್ನು ಯಾರನ್ನೂ ಕೇಳದೆ ತಾನೇ ತಿಂದ. ಮೊದಲನೆಯ ನಿಲ್ದಾಣದ ಹತ್ತಿರ ಕಾರು ನಿಧಾನವಾದಾಗ ಹೊರಗೆ ಮಳೆ ಜೋರಾಗಿಯೇ ಇತ್ತು.

ಆ ವರ್ಷವೂ ನಾಲ್ವರಲ್ಲಿ ಯಾರೂ ತುದಿ ಮುಟ್ಟಲಿಲ್ಲ.